ಬಿಳಿ ಕಪ್ಪೆ ಬಲೂನಿನ ಹಾಗೆ ಉಬ್ಬಿದೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟರೇ, ಎರಡು ವರ್ಷದ ಹಿಂದೆ ಮಗನ ಹುಟ್ಟುಹಬ್ಬಕ್ಕೆ ಅಕ್ವೇರಿಯಂ ಅಂಗಡಿಯಿಂದ ಎರಡು ಬಿಳಿ ಕಪ್ಪೆ ತಂದೆವು. ಆಗ ಹೆಬ್ಬೆರಳಿನಷ್ಟಿದ್ದವು. ‘ಡ್ವಾರ್ಫ್ ಫ್ರಾಗ್, ಇಷ್ಟೇ ಇರ್ತಾವೆ’ ಅಂದಿದ್ದರು. ಈಗ ಒಂದು ನನ್ನ ಅಂಗೈ ತುಂಬುವಷ್ಟಾಗಿದೆ, ಇನ್ನೊಂದು ಅದರಲ್ಲಿ ಅರ್ಧ. ಜೊತೆಗಿದ್ದ ಗಪ್ಪಿ ಮೀನುಗಳು ಒಂದೊಂದಾಗಿ ಕಾಣೆಯಾದವು. ಟ್ಯಾಂಕ್ ಒಂದೂವರೆ ಅಡಿಯದು, ತಳಕ್ಕೆ ಬಣ್ಣದ ಕಲ್ಲು ಹಾಕಿದ್ದೇವೆ. ಪ್ರತಿ ಭಾನುವಾರ ನೀರೆಲ್ಲ ಚೆಲ್ಲಿ, ಕಲ್ಲನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ತಿಕ್ಕಿ, ಫಿಲ್ಟರನ್ನೂ ತೊಳೆದು, ಬೋರ್ ನೀರು ತುಂಬಿಸುತ್ತೇನೆ. ದಿನಕ್ಕೆ ಎರಡು ಸಲ ಮೀನಿನ ಕಾಳು, ಆಗಾಗ ಕೋಳಿ ಚೂರು ಹಾಕುತ್ತೇವೆ. ಹದಿನೈದು ದಿನದಿಂದ ದೊಡ್ಡ ಕಪ್ಪೆ ಉಬ್ಬಿಕೊಂಡು ನೀರಿನ ಮೇಲೆ ತೇಲುತ್ತಿದೆ, ತಿನ್ನುವುದೂ ಕಡಿಮೆ. ಅಂಗಡಿಯವರು ಕೊಟ್ಟ ನೀಲಿ ಔಷಧಿಯನ್ನು ನಾಲ್ಕು ದಿನದಿಂದ ಹಾಕುತ್ತಿದ್ದೇನೆ. ‘ಸುಮ್ನೆ ಕೆರೆಗೆ ಬಿಟ್ಟು ಬಾ’ ಅಂತಾರೆ ನಮ್ಮತ್ತೆ. ಮಗ ಊಟ ಬಿಟ್ಟು ಟ್ಯಾಂಕಿನ ಮುಂದೆ ಕೂತಿರುತ್ತಾನೆ. ಏನು ಮಾಡಲಿ?
— ಓದುಗಿ, ದಾವಣಗೆರೆ

ಉತ್ತರ: ಮೊದಲು ಆ ನೀಲಿ ಔಷಧಿ ನಿಲ್ಲಿಸಿ. ಮಿಕ್ಕದ್ದನ್ನು ಆಮೇಲೆ ಓದಿದರೂ ಸರಿ. ಬಣ್ಣ ನೋಡಿದರೆ ಅದು ಮೆಥಿಲೀನ್ ಬ್ಲೂ ಇರಬೇಕು. ಮೀನಿನ ಮೈಮೇಲೋ ಮೊಟ್ಟೆಯ ಮೇಲೋ ಬೂಷ್ಟು ಬಂದಾಗ ಬಳಸುವ ಔಷಧಿ ಅದು, ಕಪ್ಪೆಯ ಹೊಟ್ಟೆ ಉಬ್ಬರಕ್ಕೂ ಅದಕ್ಕೂ ಸಂಬಂಧವಿಲ್ಲ. ಮೀನಿಗೆಂದು ಮಾರುವ ಬಾಟಲಿಗಳಲ್ಲಿ ತಾಮ್ರ, ಫಾರ್ಮಲಿನ್, ಮ್ಯಾಲಕೈಟ್ ಗ್ರೀನ್ ಇರುವಂಥವೂ ಬೇಕಾದಷ್ಟಿವೆ. ಮೀನಿಗೆ ಮೈಮೇಲೆ ಹುರುಪೆಯ ಕವಚವಿದೆ. ಕಪ್ಪೆಗೆ ಅದಿಲ್ಲ. ಅದು ನೀರನ್ನು ಬಾಯಿಂದ ಕುಡಿಯುವುದೇ ಇಲ್ಲ, ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಟ್ಯಾಂಕಿಗೆ ನೀವು ಏನು ಹಾಕಿದರೂ ಅದು ಕಪ್ಪೆಯ ರಕ್ತಕ್ಕೆ ಹಾಕಿದ ಹಾಗೆ. ಪಾತ್ರೆ ತೊಳೆಯುವ ಲಿಕ್ವಿಡ್‌ನ ಅಂಶವೂ ಅಷ್ಟೇ.

ಇನ್ನು, ನಿಮ್ಮ ಮನೆಯಲ್ಲಿರುವುದು ಡ್ವಾರ್ಫ್ ಕಪ್ಪೆಯಲ್ಲ. ಡ್ವಾರ್ಫ್ ಅನ್ನುವುದು ಬೆಳೆದರೂ ಮೂರೂವರೆ, ನಾಲ್ಕು ಸೆಂಟಿಮೀಟರ್ ದಾಟದ ಇನ್ನೊಂದು ಜಾತಿ. ಅನುಮಾನವಿದ್ದರೆ ಮುಂಗೈ ನೋಡಿ. ಡ್ವಾರ್ಫ್ ಕಪ್ಪೆಯ ಮುಂಗೈ ಬೆರಳುಗಳ ನಡುವೆ ಬಾತುಕೋಳಿಯ ಪಾದದ ಹಾಗೆ ಪೊರೆ ಇರುತ್ತದೆ. ನಿಮ್ಮದರಲ್ಲಿ ಬೆರಳುಗಳು ಬಿಡಿಬಿಡಿಯಾಗಿರುತ್ತವೆ, ಕಣ್ಣು ತಲೆಯ ನೆತ್ತಿಯಲ್ಲಿ ಮೇಲ್ಮುಖವಾಗಿರುತ್ತದೆ, ಹಿಂಗಾಲಿನ ಮೂರು ಬೆರಳಿನ ತುದಿಯಲ್ಲಿ ಸಣ್ಣ ಕಪ್ಪು ಉಗುರಿರುತ್ತದೆ. ಇದು ಆಫ್ರಿಕನ್ ಕ್ಲಾಡ್ ಫ್ರಾಗ್, ಶಾಸ್ತ್ರೀಯ ಹೆಸರು ಝೆನೋಪಸ್ ಲೇವಿಸ್. ನಿಮ್ಮದು ಅದರ ಅಲ್ಬಿನೋ, ಅಂದರೆ ಮೈಯಲ್ಲಿ ಬಣ್ಣವಿಲ್ಲದ ಬಿಳಿ ತಳಿ. ಹೆಣ್ಣು ಹತ್ತು, ಹನ್ನೆರಡು ಸೆಂಟಿಮೀಟರಿನವರೆಗೆ ಬೆಳೆಯುತ್ತದೆ, ಗಂಡು ಅದಕ್ಕಿಂತ ಚಿಕ್ಕದು. ಹಾಗಾಗಿ ನಿಮ್ಮ ದೊಡ್ಡದು ಹೆಣ್ಣು, ಚಿಕ್ಕದು ಗಂಡು ಅಂತ ನನ್ನ ಅಂದಾಜು. ಹೆಣ್ಣಾದರೆ ಹಿಂದೊಡೆಗಳ ನಡುವೆ ಮೂರು ಪುಟ್ಟ ತೊಗಲಿನ ಮಡಿಕೆ ಕಾಣುತ್ತದೆ, ನೋಡಿ. ಚೆನ್ನಾಗಿ ಸಾಕಿದರೆ ಹದಿನೈದು ವರ್ಷಕ್ಕೂ ಮೇಲೆ ಬದುಕುವ ಪ್ರಾಣಿ. ಮಗ ಕಾಲೇಜು ಮುಗಿಸುವಾಗಲೂ ಇದು ನಿಮ್ಮ ಹಜಾರದಲ್ಲಿ ಇರಬಹುದು. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಗಪ್ಪಿಗಳು ಎಲ್ಲಿ ಹೋದವು ಅಂತ ಈಗ ನಿಮಗೇ ಗೊತ್ತಾಗಿರಬೇಕು.

ಈಗ ಉಬ್ಬರದ ವಿಚಾರ. ಈ ಜಾತಿಯ ಹೆಣ್ಣು ಉಬ್ಬಿದೆ ಅಂತ ನನ್ನ ಹತ್ತಿರ ತಂದವುಗಳಲ್ಲಿ ಎಷ್ಟೋ ಸಲ ಕಾಯಿಲೆಯೇ ಇರಲಿಲ್ಲ, ಮೊಟ್ಟೆ ತುಂಬಿತ್ತು ಅಷ್ಟೇ. ಇದರ ಹೊಟ್ಟೆಯಲ್ಲಿ ಒಂದೇ ಸಲಕ್ಕೆ ಸಾವಿರಾರು ಮೊಟ್ಟೆ ಇರುತ್ತವೆ. ಜಗತ್ತು ಈ ಕಪ್ಪೆಯನ್ನು ಗುರುತಿಸಿದ್ದೂ ಆ ಮೊಟ್ಟೆಯಿಂದಲೇ. 1930ರ ದಶಕದಲ್ಲಿ ಲಾನ್ಸಲಾಟ್ ಹಾಗ್‌ಬೆನ್ ಎಂಬ ವಿಜ್ಞಾನಿಯ ಕೆಲಸದಿಂದ ಹುಟ್ಟಿದ ಒಂದು ಪರೀಕ್ಷೆ ಇತ್ತು. ಹೆಂಗಸಿನ ಮೂತ್ರದ ಅಂಶವನ್ನು ಈ ಕಪ್ಪೆಗೆ ಚುಚ್ಚಿದರೆ, ಆಕೆ ಬಸುರಿಯಾಗಿದ್ದ ಪಕ್ಷದಲ್ಲಿ ಕಪ್ಪೆ ಬೆಳಗಾಗುವುದರೊಳಗೆ ಮೊಟ್ಟೆ ಇಡುತ್ತಿತ್ತು. ಅದಕ್ಕೆ ಮೊದಲು ಮೊಲವನ್ನೋ ಇಲಿಯನ್ನೋ ಕೊಂದು ಕೊಯ್ದು ನೋಡಬೇಕಾಗಿತ್ತು. ಕಪ್ಪೆಯಾದರೆ ಬದುಕಿಯೇ ಇರುತ್ತಿತ್ತು, ಕೆಲವು ವಾರ ಬಿಟ್ಟು ಮತ್ತೆ ಬಳಸಬಹುದಿತ್ತು. ದಕ್ಷಿಣ ಆಫ್ರಿಕಾದ ಕೆರೆಗಳಲ್ಲಿ ತನ್ನ ಪಾಡಿಗಿದ್ದ ಪ್ರಾಣಿ ಹೀಗೆ ದೇಶದೇಶಗಳ ಆಸ್ಪತ್ರೆ, ಪ್ರಯೋಗಾಲಯ ಸೇರಿತು, ಅಲ್ಲಿಂದ ಗಾಜಿನ ತೊಟ್ಟಿಗೂ ಬಂತು.

ಮೊಟ್ಟೆಯೋ ನೀರೋ ಅಂತ ಮನೆಯಲ್ಲೇ ಒಂದು ಹಂತದವರೆಗೆ ನೋಡಬಹುದು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಟ್ಯಾಂಕಿನ ನೀರನ್ನೇ ಎರಡು ಇಂಚು ಹಾಕಿ ಕಪ್ಪೆಯನ್ನು ಅದರಲ್ಲಿ ಬಿಡಿ. ಬಲೆ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಬರಿಗೈಯೂ ಬೇಡ, ಮೈಮೇಲಿನ ಲೋಳೆ ಹೋಗುತ್ತದೆ, ಜೊತೆಗೆ ಸಾಬೂನಿನ ಬಾರಿನ ಹಾಗೆ ಜಾರುತ್ತದೆ. ಒಂದು ಜಗ್ಗನ್ನು ನೀರಿನೊಳಗೆ ಓರೆಯಾಗಿ ಹಿಡಿದು ಅದರೊಳಕ್ಕೆ ನಿಧಾನವಾಗಿ ಅಟ್ಟಿ. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಡಬ್ಬಿಯ ಆಚೆ ಬದಿಯಲ್ಲಿ ಕಪ್ಪೆಯ ಪಕ್ಕೆಗೆ ನೇರವಾಗಿ ಹಿಡಿಯಿರಿ. ಈಚೆಯಿಂದ ನೋಡಿದಾಗ ಪಕ್ಕೆ ಆಕಾಶಬುಟ್ಟಿಯ ಹಾಗೆ ಒಂದೇ ಸಮ ಬೆಳಗಿದರೆ ಒಳಗೆ ತುಂಬಿರುವುದು ನೀರು. ಬೆಳಕು ತಡೆದು, ಸಬ್ಬಕ್ಕಿ ತುಂಬಿದ ಚೀಲದ ಹಾಗೆ ಕಾಳುಕಾಳಾಗಿ ಕಂಡರೆ ಮೊಟ್ಟೆ. ಅಲ್ಬಿನೋ ಕಪ್ಪೆಯ ಮೊಟ್ಟೆ ಬಿಳಿಯದಾದ್ದರಿಂದ ಕಪ್ಪು ಚುಕ್ಕೆಗಳನ್ನು ಹುಡುಕಬೇಡಿ. ಉಬ್ಬಿದ ಜಾಗವೂ ಸುಳಿವು ಕೊಡುತ್ತದೆ. ಮೊಟ್ಟೆಯಾದರೆ ತೊಡೆಯ ಹತ್ತಿರ ಎರಡೂ ಕಡೆ ತುಂಬಿಕೊಂಡು ಮೈ ಪೇರಲಹಣ್ಣಿನ ಆಕಾರಕ್ಕೆ ಬರುತ್ತದೆ, ಕಪ್ಪೆ ತಳದಲ್ಲಿ ಕೂತಿರುತ್ತದೆ, ಊಟ ಕಂಡರೆ ನುಗ್ಗುತ್ತದೆ. ನೀರಾದರೆ ಗಂಟಲು, ತೋಳು, ತೊಡೆ ಎಲ್ಲ ಬಿಗಿದುಕೊಂಡು ಚರ್ಮ ನಿರಿಗೆಯಿಲ್ಲದೆ ಹೊಳೆಯುತ್ತದೆ, ಮುಳುಗಲು ಹೋದರೂ ಮೇಲಕ್ಕೇ ಬರುತ್ತದೆ. ಒಂದೇ ಪಕ್ಕಕ್ಕೆ ವಾಲಿ ತೇಲುತ್ತಿದ್ದರೆ ಕರುಳಿನಲ್ಲಿ ಗಾಳಿ ತುಂಬಿರಬಹುದು, ಇಲ್ಲವೇ ನಿಮ್ಮ ಬಣ್ಣದ ಕಲ್ಲು ಹೊಟ್ಟೆಗೆ ಹೋಗಿರಬಹುದು. ಈ ಕಪ್ಪೆಗೆ ನಾಲಿಗೆ ಇಲ್ಲ. ಬಾಯಿ ತೆರೆದು ನೀರಿನ ಸಮೇತ ಎಳೆದುಕೊಂಡು, ಎರಡೂ ಕೈಯಿಂದ ಒಳಕ್ಕೆ ತುರುಕಿಕೊಳ್ಳುವುದೇ ಅದರ ಊಟ. ಹತ್ತಿರವಿದ್ದ ಕಲ್ಲೂ ಜೊತೆಗೇ ಹೋಗುತ್ತದೆ.

ನೀವು ಬರೆದಿರುವ ಲಕ್ಷಣ, ಅಂದರೆ ಹದಿನೈದು ದಿನದ ತೇಲಾಟ ಮತ್ತು ಊಟ ಕಡಿಮೆಯಾಗಿರುವುದು, ನೀರು ತುಂಬಿರುವುದರ ಕಡೆಗೇ ಬೆರಳು ಮಾಡುತ್ತದೆ. ಖಚಿತಪಡಿಸಿಕೊಳ್ಳಲು ಇನ್ನೊಂದು ಉಪಾಯವಿದೆ. ಕಪ್ಪೆಯನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ನಾನು ದಿನಾ ಮಾಡುವ ಕೆಲಸವೇ ಅದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಮುಚ್ಚಳವಿರುವ ಡಬ್ಬಿಗೆ ಸ್ವಲ್ಪ ನೀರು ಹಾಕಿ ಇಟ್ಟು, ಸೊನ್ನೆ ಒತ್ತಿ, ಕಪ್ಪೆಯನ್ನು ಒಳಗೆ ಬಿಟ್ಟು ಮುಚ್ಚಿ, ತೂಕ ಬರೆದಿಡಿ. ನಾಳೆ, ನಾಡಿದ್ದು ಅದೇ ಹೊತ್ತಿಗೆ ಮತ್ತೆ ತೂಗಿ. ಏನೂ ತಿನ್ನದ ಕಪ್ಪೆ ಎರಡು ದಿನದಲ್ಲಿ ಹತ್ತು ಗ್ರಾಂ ಹೆಚ್ಚಿತು ಅಂದರೆ ಅದು ನೀರಲ್ಲದೆ ಬೇರೇನೂ ಆಗಿರಲಾರದು.

ನೀರು ಯಾಕೆ ತುಂಬುತ್ತದೆ? ಸಿಹಿನೀರಿನಲ್ಲಿರುವ ಕಪ್ಪೆಯ ಮೈಗೆ ಹಗಲೂ ರಾತ್ರಿ ನೀರು ನುಗ್ಗುತ್ತಲೇ ಇರುತ್ತದೆ, ಯಾಕೆಂದರೆ ಒಳಗಿನ ದ್ರವ ಹೊರಗಿನ ನೀರಿಗಿಂತ ಉಪ್ಪಾಗಿದೆ. ಹಾಗೆ ಬಂದದ್ದನ್ನು ಮೂತ್ರಪಿಂಡ ಒಂದೇ ಸಮ ಹೊರಹಾಕುತ್ತಿರುತ್ತದೆ. ಚರ್ಮದಡಿ ಶೇಖರವಾಗುವ ದ್ರವವನ್ನು ರಕ್ತಕ್ಕೆ ವಾಪಸು ತಳ್ಳಲು ಕಪ್ಪೆಗಳಿಗೆ ಎದೆಯ ಹೃದಯದ ಜೊತೆಗೆ ದುಗ್ಧರಸ ಅನ್ನುವ ಈ ದ್ರವದ ಪುಟ್ಟ ಹೃದಯಗಳೂ ಇವೆ. ದೋಣಿಗೆ ನುಗ್ಗುವ ನೀರನ್ನು ತೋಡಿ ಚೆಲ್ಲುವ ಆಳುಗಳಿದ್ದ ಹಾಗೆ ಅಂದುಕೊಳ್ಳಿ. ಕೆಟ್ಟ ನೀರಿನಿಂದ ಚರ್ಮ ಹಾಳಾದರೆ, ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ, ಮೂತ್ರಪಿಂಡವೋ ಪಿತ್ತಜನಕಾಂಗವೋ ಸೋತರೆ ಆಳುಗಳು ಕೈಚೆಲ್ಲುತ್ತಾರೆ. ಉಬ್ಬರ ಅನ್ನುವುದು ಒಂದು ರೋಗದ ಹೆಸರಲ್ಲ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಹತ್ತು ಕಾರಣಗಳ ಕೊನೆಯ ಕುರುಹು ಅದು. ಒಂದೇ ಔಷಧಿ ಎಲ್ಲಕ್ಕೂ ಹೊಂದುವುದಿಲ್ಲ.

ಇವತ್ತು ರಾತ್ರಿಯೇ ಮಾಡಬೇಕಾದ್ದು: ಹತ್ತು ಲೀಟರಿನ ಹೊಸ ಪ್ಲಾಸ್ಟಿಕ್ ಟಬ್ ಒಂದನ್ನು ತೆಗೆದುಕೊಂಡು, ತಳದಲ್ಲಿ ಕೂತರೂ ಮೂಗು ಮೇಲೆತ್ತಲು ಆಗುವಷ್ಟು ಮಾತ್ರ ನೀರು ಹಾಕಿ. ಲೀಟರಿಗೆ 5 ಗ್ರಾಂ ಲೆಕ್ಕದಲ್ಲಿ ಅಯೋಡಿನ್ ಸೇರಿಸದ ಕಲ್ಲುಪ್ಪು ಕರಗಿಸಿ. ತೂಗಿಯೇ ಹಾಕಿ, ಕಣ್ಣಳತೆ ಬೇಡ. ಇಷ್ಟು ಉಪ್ಪು ಕಪ್ಪೆಯ ಮೈಯೊಳಗಿನ ಉಪ್ಪಿಗಿಂತ ತುಸು ಕಡಿಮೆ, ಹೀಗಾಗಿ ನೀರು ನುಗ್ಗುವ ವೇಗ ತಗ್ಗುತ್ತದೆ. ನೆರಳಿನಲ್ಲಿ, ತಂಪಾದ ಮೂಲೆಯಲ್ಲಿಡಿ. ಮೇಲೆ ಜಾಲರಿ ಮುಚ್ಚಿ ಭಾರ ಹೇರಿ. ಈ ನೀರನ್ನು ದಿನಕ್ಕೊಮ್ಮೆ ಪೂರ್ತಿ ಬದಲಿಸಿ. ಕಪ್ಪೆ ಒದ್ದಾಡಿದರೆ ಉಪ್ಪಿಲ್ಲದ ನೀರಿಗೆ ಹಾಕಿ. ಎರಡು ದಿನದಲ್ಲಿ ಇಳಿಯದಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಒಳಗಿನ ದ್ರವವನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿ, ಬೇಕಿದ್ದರೆ ಆಂಟಿಬಯೋಟಿಕ್ ಚುಚ್ಚಬೇಕು. ಅದು ವೈದ್ಯರ ಕೈಯಲ್ಲೇ ಆಗಬೇಕಾದ ಕೆಲಸ. ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ. ಹೊರಡುವ ಮುಂಚೆ ಫೋನ್ ಮಾಡಿ ಕಪ್ಪೆ ಅಂತಲೇ ಹೇಳಿ, ಇಲ್ಲದಿದ್ದರೆ ನಾಯಿಯ ಸಾಲಿನಲ್ಲಿ ಕೂರಬೇಕಾದೀತು. ಡಬ್ಬಿಯಲ್ಲಿ ಒದ್ದೆ ಸ್ಪಂಜು, ಒಂದು ಬೆರಳು ನೀರು, ಮುಚ್ಚಳದಲ್ಲಿ ತೂತು ಇದ್ದರೆ ಸಾಕು. ಬೆಳಗಿನ ಜಾವದ ತಂಪಿನಲ್ಲಿ ಹೊರಡಿ. ಉಳಿಯುತ್ತದೆ ಅಂತ ನಾನು ಭರವಸೆ ಕೊಡಲಾರೆ, ಹದಿನೈದು ದಿನ ದೀರ್ಘವಾಯಿತು. ಆದರೆ ಇದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ಬಂದವೂ ಚೇತರಿಸಿಕೊಂಡಿವೆ.

ಹೊಟ್ಟೆ, ತೊಡೆಯ ಒಳಭಾಗದಲ್ಲಿ ಕೆಂಪು ಚುಕ್ಕೆಯೋ ರಕ್ತ ಹೆಪ್ಪುಗಟ್ಟಿದಂಥ ಕಲೆಯೋ ಕಂಡರೆ ಎರಡು ದಿನವೂ ಕಾಯಬೇಡಿ. ಅದಕ್ಕೆ ರೆಡ್ ಲೆಗ್ ಅನ್ನುತ್ತಾರೆ. ಹೆಚ್ಚಾಗಿ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಮಾಡುವ ಕೆಲಸ, ಜೊತೆಯ ಕಪ್ಪೆಗೂ ಬೇಗ ಹರಡುತ್ತದೆ. ಬಿಳಿ ಕಪ್ಪೆಯಲ್ಲಿ ರಕ್ತನಾಳದ ಗುಲಾಬಿ ಗೆರೆಗಳು ಸಹಜವಾಗಿಯೇ ಕಾಣುತ್ತವೆ, ಅದಕ್ಕೆ ಗಾಬರಿ ಬೇಡ.

ಈಗ ನಿಮ್ಮ ಭಾನುವಾರದ ಕಡೆ ಬರೋಣ. ಬೈಯುತ್ತಿಲ್ಲ. ಮನೆ ಚೊಕ್ಕಟವಾಗಿಡುವ ಯಾರೂ ಮಾಡುವುದು ಅದನ್ನೇ, ಆದರೆ ನನ್ನ ಲೆಕ್ಕದಲ್ಲಿ ಇದೆಲ್ಲ ಶುರುವಾದದ್ದು ಆ ತಿಕ್ಕಾಟದಿಂದ. ಕಪ್ಪೆಯ ಮಲಮೂತ್ರದಿಂದ, ತಿನ್ನದೆ ಉಳಿದ ಕಾಳಿನಿಂದ ಅಮೋನಿಯ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ನೆಲೆಸುವ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ವಾರಕ್ಕೊಮ್ಮೆ ಅವುಗಳನ್ನು ತಿಕ್ಕಿ ಚರಂಡಿಗೆ ಚೆಲ್ಲುತ್ತಿದ್ದೀರಿ. ಅಂದರೆ ಎರಡು ವರ್ಷದಿಂದ ನಿಮ್ಮ ಟ್ಯಾಂಕಿಗೆ ಒಂದು ವಾರದ ವಯಸ್ಸು ದಾಟಿಲ್ಲ. ನೀರು ಕಣ್ಣಿಗೆ ಸ್ಫಟಿಕದ ಹಾಗಿರುತ್ತದೆ, ಶುಕ್ರವಾರದ ಹೊತ್ತಿಗೆ ಅದರಲ್ಲಿರುವ ಅಮೋನಿಯ ಕಣ್ಣಿಗೆ ಕಾಣುವುದಿಲ್ಲ. ಜೊತೆಗೆ ಬೋರ್ ನೀರು. ಅದರ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಹೆಚ್ಚಿರಬಹುದು. ಪಿಎಚ್ 7ರ ನೀರಿಗೆ ಹೋಲಿಸಿದರೆ ಪಿಎಚ್ 8ರ ನೀರಿನಲ್ಲಿ ಅದೇ ಅಮೋನಿಯದ ವಿಷಕಾರಿ ಭಾಗ ಸುಮಾರು ಹತ್ತು ಪಟ್ಟು. ಬಿಸಿ ಏರಿದರೆ ಇನ್ನಷ್ಟು. ದಾವಣಗೆರೆಯ ಏಪ್ರಿಲ್ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕೇ?

ಹಾಗಂತ ಬೋರ್ ನೀರು ಕೆಟ್ಟದ್ದೇನಲ್ಲ. ಗಡಸು ನೀರು ಈ ಕಪ್ಪೆಗೆ ಒಗ್ಗುತ್ತದೆ. ಆರ್‌ಓ ನೀರು ಶುದ್ಧ ಅಂತ ಅದನ್ನು ತುಂಬಿಸಲು ಹೋಗಬೇಡಿ, ಖನಿಜವಿಲ್ಲದ ನೀರು ಮೈಯೊಳಗಿನ ಉಪ್ಪನ್ನೇ ಎಳೆದುಕೊಳ್ಳುತ್ತದೆ. ಬೋರ್ ನೀರನ್ನು ಆಗತಾನೇ ಎತ್ತಿ ಹಾಗೇ ಸುರಿಯಬಾರದು, ಅಷ್ಟೇ. ನೆಲದಾಳದ ಒತ್ತಡದಲ್ಲಿ ಅದರಲ್ಲಿ ಗಾಳಿ ಹೆಚ್ಚಾಗಿ ಕರಗಿರಬಹುದು. ಆ ಗಾಳಿ ಕಪ್ಪೆಯ ಮೈಯಲ್ಲಿ ಗುಳ್ಳೆಯಾಗುತ್ತದೆ, ಕಾಲಿನ ಪೊರೆಯಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಾಣುತ್ತವೆ. ಬಕೆಟ್‌ನಲ್ಲಿ ಏರ್ ಪಂಪ್ ಹಾಕಿ ಒಂದು ರಾತ್ರಿ ಬಿಟ್ಟರೆ ಸಾಕು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯಬೇಕು. ಅಂಗಡಿಯಲ್ಲಿ ಆಂಟಿಕ್ಲೋರಿನ್ ಅಂತ ಸಿಗುತ್ತದೆ, ಬಾಟಲಿಯ ಮೇಲಿನ ಅಳತೆಗೆ ಹಾಕಿ. ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದ ವಾರ ಟ್ಯಾಂಕಿನ ನೀರು ಬದಲಿಸುವ ಕೆಲಸವನ್ನೇ ಮುಂದೂಡಿ. ಮಹಡಿ ಮೇಲಿನ ಟ್ಯಾಂಕಿನ ಮಧ್ಯಾಹ್ನದ ನೀರಂತೂ ಸ್ನಾನಕ್ಕೆ ಕಾಯಿಸಿದ ಹಾಗಿರುತ್ತದೆ, ಬೆಳಗ್ಗೆಯೇ ಹಿಡಿದಿಡಿ.

ವಾರಕ್ಕೆ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ನೀರು ಬದಲಿಸಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲೇ ಎರಡು ಸಲ ಹಿಂಡಿದರೆ ಸಾಕು. ಸಾಬೂನು ಈ ಟ್ಯಾಂಕಿನ ಹತ್ತಿರ ಸುಳಿಯಬಾರದು. ಈಗ ಹೊಸದಾಗಿ ಶುರುವಾಗುತ್ತಿರುವುದರಿಂದ ಮೊದಲ ಒಂದು ತಿಂಗಳು ಮಾತ್ರ ದಿನ ಬಿಟ್ಟು ದಿನ ಕಾಲು ಭಾಗ ಬದಲಿಸಬೇಕಾಗುತ್ತದೆ. ಅಮೋನಿಯ, ನೈಟ್ರೈಟ್ ನೋಡುವ ಟೆಸ್ಟ್ ಕಿಟ್ ಒಂದು ತಂದಿಟ್ಟುಕೊಳ್ಳಿ, ಮಗನಿಗೆ ಆ ಕೆಲಸ ಒಪ್ಪಿಸಿ. ಎರಡೂ ಸೊನ್ನೆ ಇರಬೇಕು. ಅವನು ಬಣ್ಣ ಹೋಲಿಸಿ ಪುಸ್ತಕದಲ್ಲಿ ಬರೆದಿಡಲಿ. ಡಾಕ್ಟರಿಗೂ ಆ ಪುಸ್ತಕ ಉಪಯೋಗಕ್ಕೆ ಬರುತ್ತದೆ.

ಟ್ಯಾಂಕ್ ದೊಡ್ಡದಾಗಲೇಬೇಕು. ಎರಡಕ್ಕೂ ಸೇರಿ ಎರಡೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರದ್ದು ಮಾಡಿಸಿ. ಒಂದಡಿಯವರೆಗೆ ನೀರು ತುಂಬಿದರೆ ಎಂಬತ್ತು ಲೀಟರಿನ ಮೇಲೆ ಹಿಡಿಯುತ್ತದೆ. ಮೇಲೆ ಒಂದು ಗೇಣಿಲ್ಲದಿದ್ದರೂ ನಾಲ್ಕು ಬೆರಳು ಖಾಲಿ ಇರಲಿ. ಇದು ಶ್ವಾಸಕೋಶದ ಪ್ರಾಣಿ, ಆಗಾಗ ಮೇಲೆ ಬಂದು ಗಾಳಿ ತೆಗೆದುಕೊಳ್ಳಬೇಕು. ಮುಚ್ಚಳ ಜಾಲರಿಯದಾಗಿದ್ದು ಭಾರವಾಗಿರಬೇಕು. ನನ್ನ ಮೊದಲ ಕಪ್ಪೆಯನ್ನು ನಾನು ಕಳೆದುಕೊಂಡದ್ದು ಯಾವ ರೋಗಕ್ಕೂ ಅಲ್ಲ. ಫೋನ್ ಬಂತು ಅಂತ ಮುಚ್ಚಳ ಅರ್ಧ ಸರಿಸಿ ಎದ್ದು ಹೋಗಿದ್ದೆ. ಮೂರು ದಿನದ ಮೇಲೆ ಫ್ರಿಜ್ಜಿನ ಹಿಂದೆ ಸಿಕ್ಕಿತು, ಒಣಗಿದ ಹುಣಸೆಹಣ್ಣಿನ ಹಾಗೆ.

ತಳದ ಬಣ್ಣದ ಕಲ್ಲು ತೆಗೆದುಬಿಡಿ. ತಳ ಬರಿದಾಗಿದ್ದರೂ ಕಪ್ಪೆಗೆ ಬೇಸರವಿಲ್ಲ. ಬೇಕೇ ಬೇಕು ಅಂದರೆ ನುಣುಪಾದ ಮರಳು, ಅಥವಾ ಅದರ ತಲೆಗಿಂತ ದೊಡ್ಡ ಹೊಳೆಗಲ್ಲು. ಅಡಗಲು ಒಂದು ಮಣ್ಣಿನ ಕುಡಿಕೆ ಮಲಗಿಸಿಡಿ. ಅಲ್ಬಿನೋ ಕಣ್ಣಿಗೆ ಪ್ರಖರ ಬೆಳಕು ಹಿಂಸೆ. ಫಿಲ್ಟರ್ ಸ್ಪಂಜಿನದೇ ಇರಲಿ, ರಭಸದ ಪವರ್ ಫಿಲ್ಟರ್ ಬೇಡ. ಕಪ್ಪೆಯ ಪಕ್ಕೆಯನ್ನು ಹತ್ತಿರದಿಂದ ನೋಡಿ, ದರ್ಜಿ ಹೊಲಿಗೆ ಹಾಕಿದ ಹಾಗೆ ಸಾಲಾಗಿ ಚಿಕ್ಕ ಗೆರೆಗಳು ಕಾಣುತ್ತವೆ. ನೀರಿನ ಅಲುಗಾಟವನ್ನು ಅದು ತಿಳಿಯುವುದು ಆ ಗೆರೆಗಳಿಂದ. ಸದಾ ನೀರು ಚಿಮ್ಮುತ್ತಿದ್ದರೆ ಅದಕ್ಕೆ ಜಾತ್ರೆಯ ಮೈಕಿನ ಪಕ್ಕ ಮನೆ ಮಾಡಿದ ಹಾಗೆ. ಏರ್ ಪಂಪ್ ಇರುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್, ಜಿರಳೆ ಸ್ಪ್ರೇ ಯಾವುದೂ ಬೇಡ. ಪಂಪು ಕೋಣೆಯ ಗಾಳಿಯನ್ನು ಎಳೆದು ನೇರ ನೀರಿಗೆ ಬಿಡುತ್ತದೆ, ಅವುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ನೀರಿನ ಜೀವಿಗಳಿಗೆ ಘೋರ ವಿಷ. ಸೊಳ್ಳೆಗೆ ಪರದೆ ಕಟ್ಟಿಕೊಳ್ಳಿ.

ನೀರು 18ರಿಂದ 22 ಡಿಗ್ರಿ ಸೆಲ್ಸಿಯಸ್ ಇದ್ದರೆ ಈ ಜಾತಿಗೆ ಹಿತ. ಹೀಟರ್ ಇದ್ದರೆ ತೆಗೆದಿಡಿ. ಡ್ವಾರ್ಫ್ ಕಪ್ಪೆಗೆ ಮಾತ್ರ 24ರಿಂದ 27 ಬೇಕು, ಅಂಗಡಿಯವರು ಹೆಸರು ತಪ್ಪು ಹೇಳಿದರೆ ಇಂಥ ಎಡವಟ್ಟಾಗುತ್ತದೆ. ನಮ್ಮ ಬೇಸಿಗೆಯಲ್ಲಿ 22ಕ್ಕೆ ಇಳಿಸುವುದು ಹೇಳಿದಷ್ಟು ಸುಲಭವಲ್ಲ. ಜಾಲರಿ ಮುಚ್ಚಳದ ಮೇಲೆ ಅಡ್ಡಲಾಗಿ ಗಾಳಿ ಬೀಸುವಂತೆ ಟೇಬಲ್ ಫ್ಯಾನ್ ಇಟ್ಟರೆ ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ, ಮಡಕೆಯ ನೀರು ತಂಪಾಗುವ ಹಾಗೆ. ಬಾಟಲಿಯಲ್ಲಿ ನೀರು ಗಟ್ಟಿ ಮಾಡಿ ತೇಲಿಬಿಡಬಹುದು, ಆದರೆ ಒಂದೇ ಸಲಕ್ಕೆ ಕೊರೆಯುವಷ್ಟು ಮಾಡಬೇಡಿ.

ಊಟ. ದಿನಕ್ಕೆ ಎರಡು ಸಲ ಅನ್ನುವುದನ್ನು ಓದಿ ನಾನು ಕನ್ನಡಕ ತೆಗೆದಿಟ್ಟೆ. ಬೆಳೆದ ಕಪ್ಪೆಗೆ ವಾರಕ್ಕೆ ಎರಡು, ಮೂರು ಸಲ ಸಾಕು. ಹತ್ತು ನಿಮಿಷದಲ್ಲಿ ತಿಂದದ್ದು ತಿಂದಿತು, ಉಳಿದದ್ದು ಎತ್ತಿಬಿಡಿ. ಇದಕ್ಕೆ ಸಾಕು ಅನ್ನುವುದು ಗೊತ್ತಿಲ್ಲ, ಮದುವೆ ಮನೆಯ ಕೆಲವು ನೆಂಟರ ಹಾಗೆ. ಕೋಳಿ, ಕುರಿ ಮಾಂಸದ ಚೂರಿನಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಎರೆಹುಳು ಎಲ್ಲಕ್ಕಿಂತ ಒಳ್ಳೆಯದು. ಗೊಬ್ಬರ, ಔಷಧಿ ಹೊಡೆಯದ ಮಣ್ಣಿನದಾಗಿರಲಿ, ತೊಳೆದು ಹಾಕಿ. ಎರೆಗೊಬ್ಬರದ ತೊಟ್ಟಿಯ ಕೆಂಪು ಹುಳು ಹಳದಿ ಕಹಿ ರಸ ಬಿಡುತ್ತದೆ, ಕೆಲವು ಕಪ್ಪೆ ಅದನ್ನು ಬಾಯಿಗೆ ಹಾಕಿ ಉಗುಳುತ್ತವೆ. ಮುಳುಗುವ ಪೆಲೆಟ್, ಸಿಗಡಿಯನ್ನು ಬದಲಿಸಿ ಬದಲಿಸಿ ಕೊಡಬಹುದು. ಜೀವಂತ ಟ್ಯೂಬಿಫೆಕ್ಸ್ ಬೇಡ, ಅದು ಚರಂಡಿಯಲ್ಲಿ ಬೆಳೆಯುವ ಹುಳು. ಜೊತೆಗೆ ಮೀನು ಬಿಡುವ ಆಸೆ ಪೂರ್ತಿ ಬಿಡಿ. ಅದರಲ್ಲೂ ಗಾಜು ಚೊಕ್ಕಟ ಮಾಡುತ್ತದೆ ಅಂತ ಸಕ್ಕರ್ ಮೀನು ತರಬೇಡಿ. ನುಂಗಲು ಹೋದ ಕಪ್ಪೆಯ ಗಂಟಲಿಗೆ ಅದರ ಮುಳ್ಳು ಸಿಕ್ಕಿಕೊಳ್ಳುತ್ತದೆ.

ಒಂದು ದಿನ ಕಪ್ಪೆಯ ಮೈಯಿಂದ ತೆಳ್ಳನೆಯ ಪ್ಲಾಸ್ಟಿಕ್ಕಿನಂಥದ್ದು ಬಿಡುತ್ತಾ, ಅದನ್ನು ಕೈಯಿಂದ ಎಳೆದೆಳೆದು ತಾನೇ ತಿನ್ನುವುದನ್ನು ನೋಡಿ ಹೆದರೀರಿ. ಹಾವು ಪೊರೆ ಬಿಡುವ ಹಾಗೆ ಅದೂ ಸಹಜ. ಈ ಚರ್ಮ ಸಾಮಾನ್ಯದ್ದಲ್ಲ. 1987ರಲ್ಲಿ ಮೈಕಲ್ ಝಾಸ್‌ಲಾಫ್ ಎಂಬ ಅಮೆರಿಕದ ವಿಜ್ಞಾನಿ, ಶಸ್ತ್ರಕ್ರಿಯೆ ಮಾಡಿದ ಇದೇ ಜಾತಿಯ ಕಪ್ಪೆಗಳನ್ನು ಕೊಳಕು ನೀರಿಗೆ ಬಿಟ್ಟರೂ ಗಾಯಕ್ಕೆ ಕೀವಾಗದೆ ಮಾಯುವುದನ್ನು ಗಮನಿಸಿ, ಬ್ಯಾಕ್ಟೀರಿಯಾ ಕೊಲ್ಲುವ ವಸ್ತುಗಳನ್ನು ಚರ್ಮದಿಂದ ಬೇರ್ಪಡಿಸಿ ಮೆಗೈನಿನ್ ಅಂತ ಹೆಸರಿಟ್ಟರು. ಅಂಥ ಚರ್ಮವಿದ್ದರೂ ನಿಮ್ಮ ಕಪ್ಪೆ ಸೋತಿದೆ ಅಂದರೆ ನೀರು ಎಷ್ಟು ಕಾಡಿರಬೇಕು ಲೆಕ್ಕ ಹಾಕಿ.

ಮಗನ ಆರೋಗ್ಯದ ಮಾತೂ ಇದೆ. ಕಪ್ಪೆಯ ಮೈಯಲ್ಲಿ, ಟ್ಯಾಂಕಿನ ನೀರಿನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಕಪ್ಪೆಗೆ ಅದರಿಂದ ಏನೂ ಆಗದಿದ್ದರೂ. ಅಮೆರಿಕದಲ್ಲಿ 2009ರಿಂದ 2011ರ ನಡುವೆ ಸಾಕಿದ ಡ್ವಾರ್ಫ್ ಕಪ್ಪೆಗಳಿಂದ ಇನ್ನೂರಕ್ಕೂ ಹೆಚ್ಚು ಜನರಿಗೆ ಬೇಧಿ, ಜ್ವರ ಬಂದಿತ್ತು, ಹೆಚ್ಚಿನವರು ಮಕ್ಕಳು. ಟ್ಯಾಂಕಿನ ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲಬೇಡಿ, ಬಚ್ಚಲಿಗೆ ಚೆಲ್ಲಿ. ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ. ಮುಟ್ಟುವ ಮೊದಲೂ ತೊಳೆಯಬೇಕು, ಆದರೆ ಬರೀ ನೀರಿನಲ್ಲಿ.

ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಕೆರೆಗೆ ಮಾತ್ರ ಬೇಡ ಅಂತ ಹೇಳಿ. ಕಪ್ಪೆಯನ್ನು ಕಪ್ಪೆಯಿರುವ ಕಡೆ ಬಿಡುವುದು ಅವರಿಗೆ ಪುಣ್ಯದ ಕೆಲಸವಾಗಿಯೇ ಕಂಡಿರುತ್ತದೆ. ಚಿಲಿ, ಕ್ಯಾಲಿಫೋರ್ನಿಯಾ, ಫ್ರಾನ್ಸಿನಲ್ಲಿ ಹೀಗೇ ಹೊರಗೆ ಬಿದ್ದ ಕ್ಲಾಡ್ ಫ್ರಾಗ್‌ಗಳು ಅಲ್ಲಿಯ ಹೊಂಡಗಳಲ್ಲಿ ನೆಲೆಯೂರಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತಿವೆ. ಅದಕ್ಕಿಂತ ಕೆಟ್ಟದ್ದು ಕೈಟ್ರಿಡ್ ಎಂಬ ಚರ್ಮದ ಶಿಲೀಂಧ್ರ. 1938ರಲ್ಲಿ ಆಫ್ರಿಕಾದಲ್ಲಿ ಹಿಡಿದು ಸಂಗ್ರಹಾಲಯದಲ್ಲಿಟ್ಟಿದ್ದ ಈ ಜಾತಿಯ ಕಪ್ಪೆಯ ಚರ್ಮದಲ್ಲೂ ಅದು ಸಿಕ್ಕಿದೆ. ಇದು ತಾನು ಕಾಯಿಲೆ ಬೀಳದೆ ಹೊತ್ತು ತಿರುಗಬಲ್ಲದು, ಬೇರೆ ಖಂಡಗಳ ಎಷ್ಟೋ ಕಪ್ಪೆ ಜಾತಿಗಳು ಆ ರೋಗಕ್ಕೆ ನಿರ್ನಾಮವಾಗಿವೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಕಪ್ಪೆಗಳು ನಮ್ಮ ಪಶ್ಚಿಮ ಘಟ್ಟದಲ್ಲಿವೆ. ಸಾಕಲು ಆಗುವುದಿಲ್ಲ ಅಂತಾದರೆ ಸಾಕುವ ಇನ್ನೊಬ್ಬರಿಗೆ ಕೊಡಿ, ಇಲ್ಲವೇ ನನಗೇ ಬರೆಯಿರಿ. ಕಪ್ಪೆ ಸತ್ತರೆ ಅದನ್ನೂ ನೀರಿಗೆ ಎಸೆಯಬೇಡಿ, ಮಣ್ಣಿನಲ್ಲಿ ಆಳವಾಗಿ ಹೂಳಿ.

ಚಿಕ್ಕ ಕಪ್ಪೆಯ ಮೇಲೂ ಒಂದು ಕಣ್ಣಿರಲಿ, ಅದೇ ನೀರಿನಲ್ಲಿ ಅದೂ ಇದೆಯಲ್ಲ. ಟ್ಯಾಂಕ್ ಸರಿಹೋಗಿ, ಮುಂಗಾರು ಹಿಡಿದು ನೀರು ತಂಪಾದ ಮೇಲೆ ಒಂದು ರಾತ್ರಿ ಟಿಕ್ ಟಿಕ್ ಟಿಕ್ ಅಂತ ಸಣ್ಣ ಸದ್ದು ಕೇಳಿಸಬಹುದು, ಗೋಡೆಯಾಚೆ ಯಾರೋ ಹೊಲಿಗೆ ಯಂತ್ರ ತುಳಿಯುತ್ತಿರುವ ಹಾಗೆ. ನಿಮ್ಮ ಹಾಗೇ ಒಬ್ಬರು ಮೋಟಾರ್ ಹೋಯಿತು ಅಂತ ಪಂಪನ್ನು ಎರಡು ಸಲ ರಿಪೇರಿಗೆ ಒಯ್ದಿದ್ದರು. ಅದು ಗಂಡು ನೀರಿನೊಳಗೇ ಹೆಣ್ಣನ್ನು ಕರೆಯುವ ಸದ್ದು. ಮಗನನ್ನು ಎಬ್ಬಿಸಿ ಕೇಳಿಸಿ. ಅದಕ್ಕೂ ಮುಂಚೆ, ಮೂರು ದಿನದ ತೂಕವನ್ನೂ ಟಾರ್ಚ್ ಹಿಡಿದಾಗ ಏನು ಕಂಡಿತು ಅನ್ನುವುದನ್ನೂ ನನಗೆ ಬರೆದು ತಿಳಿಸಿ.